ಬೋಳಗುಡ್ಡದ ಎರಡು ಪಟ್ಟಿ

ಚಿತ್ತಾಪುರದಲ್ಲಿ ನಾನಿರುವ ಓಣಿಯ ಕೊನೆಗೆ ಈ ವರ್ಷ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಜೂನ್ ತಿಂಗಳ ಒಂದು ಮುಂಜಾನೆ ಕಾಲೇಜಿಗೆ ಹೊರಟಾಗ ಅಲ್ಲೊಬ್ಬ ಕೆಲಸಗಾರ ನೆಲಕ್ಕೆ ಹಾಸುವ ಶಹಾಬಾದ ಪರಸಿಯ ಮೇಲೆ ನೀರು ಬಿಡುತ್ತ ಯಂತ್ರದಿಂದ ಕಲ್ಲು ಕೊಯ್ಯುತ್ತಿದ್ದ. ಕಾದ ಕಲ್ಲಿಗೆ ನೀರು ಬಿದ್ದು ಒಂದು ವಾಸನೆ ಎದ್ದಿತ್ತು. ಧೂಳಿಗೆ ಸೆರಗು ಅಡ್ಡ ಹಿಡಿದು ದಾಟಿಹೋಗಬೇಕಾಗಿದ್ದವಳು ನಿಂತುಬಿಟ್ಟೆ. ಅದು ಬೋಳಗುಡ್ಡಕ್ಕೆ ಮೊದಲ ಮಳೆ ಬಿದ್ದ ದಿನದ ವಾಸನೆ.

“ಏನ್ ಬೇಕಾಗಿತ್ರೀ ಮೇಡಂ?” ಎಂದು ಅವನು ಯಂತ್ರ ನಿಲ್ಲಿಸಿ ಕೇಳಿದ. ಏನಿಲ್ಲ ಎಂದು ನಡೆದೆ. ಆ ದಿನ ಮೊದಲ ತಾಸಿಗೆ ಎಲೆಗಳ ಜೋಡಣೆಯ ಪಾಠವಿತ್ತು. ಹುಡುಗರಿಗೆ ಬೋರ್ಡಿನ ಮೇಲೆ ಎರಡು ಚಿತ್ರ ಬರೆದುಕೊಟ್ಟು, ನಕಲು ಮಾಡಿಕೊಳ್ಳಿ ಎಂದು ಹೇಳಿ ಕಿಟಕಿಯ ಬಳಿ ನಿಂತೆ.

ಆರು ವರ್ಷದ ಹಿಂದಿನ ಮಾತು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸೇಡಂನ ನಮ್ಮ ಮನೆಯಲ್ಲಿ ಕುಳಿತಿದ್ದೆ. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ನನ್ನ ಓದಿಗೆ ಅವರು ಎಂದೂ ಅಡ್ಡಬಂದವರಲ್ಲ. ಓದು ಮುಗಿದ ಮೇಲೆ ಮಾತ್ರ ಅವರ ಮಾತು ಬೇರೆಯಾಯಿತು. ಎರಡು ಕಡೆಯವರು ಬಂದು ನೋಡಿ ಹೋಗಿದ್ದರು. “ನೌಕರಿ ಹತ್ತಿತಂದ್ರ ಒಂದ್ ವರ್ಷ ತಡೀತೀನಿ. ಇಲ್ಲಂದ್ರ ನನಗೂ ಮಂದಿಗೆ ಏನ್ ಹೇಳ್ಬೇಕು ತಿಳೀವಲ್ದು” ಎಂದು ಅಪ್ಪ ಅಂಗಡಿಯ ಬಾಗಿಲು ಹಾಕುತ್ತ ಒಂದು ಸಂಜೆ ಹೇಳಿದರು. ಸಿಟ್ಟಿನಿಂದಲ್ಲ, ಸೋತವರ ಹಾಗೆ.

ಅಂಥ ಹೊತ್ತಿನಲ್ಲಿ ಕಲಬುರಗಿಯ ಒಂದು ಖಾಸಗಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಗಣಿಗೆ, ಕಾರ್ಖಾನೆಗೆ ಜಮೀನು ಕೇಳುವವರು ಸರ್ಕಾರಕ್ಕೆ ಪರಿಸರದ ವರದಿ ಕೊಡಬೇಕಾಗುತ್ತದೆ. ಅದನ್ನು ಅವರ ಪರವಾಗಿ ಬರೆದುಕೊಡುವುದು ಆ ಕಚೇರಿಯ ಕಸುಬು. ದಂಡೋತಿಯಿಂದ ಆಚೆ, ಕಾಗಿಣಾ ನದಿಯಿಂದ ಸ್ವಲ್ಪ ದೂರದಲ್ಲಿ ಒಂದು ಗುಡ್ಡವಿತ್ತು. ಗುಡ್ಡ ಎನ್ನುವುದೂ ದೊಡ್ಡ ಮಾತೇ. ಸುಣ್ಣಕಲ್ಲಿನ ಹಾಸುಗಳು ಒಂದರ ಮೇಲೊಂದು ಏರಿ ನಿಂತ ಅಗಲವಾದ ದಿಬ್ಬ. ಊರವರು ಅದನ್ನು ಬೋಳಗುಡ್ಡ ಎನ್ನುತ್ತಿದ್ದರು. ಕಂದಾಯದ ಕಾಗದದಲ್ಲಿ ಅದು ಖರಾಬು ಜಮೀನು, ಅಂದರೆ ಬೆಳೆಗೆ ಬಾರದ್ದು. ಅಲ್ಲಿ ಕಲ್ಲು ತೆಗೆಯಲು ಯಾರೋ ಅರ್ಜಿ ಹಾಕಿದ್ದರು. ಅಲ್ಲಿ ಏನೇನು ಬೆಳೆಯುತ್ತದೆ ಎಂದು ನಡೆದು ನೋಡಿ, ಹೆಸರು ಗುರುತಿಸಿ, ಪಟ್ಟಿ ಮಾಡುವುದು ನನ್ನ ಕೆಲಸ. ಮೊದಲ ಮಳೆಯಿಂದ ದೀಪಾವಳಿಯವರೆಗೆ. ಕೆಲಸ ಚೆನ್ನಾಗಿ ಬಂದರೆ ಕಾಯಂ ಮಾಡಿಕೊಳ್ಳುವುದಾಗಿ ಕಚೇರಿಯ ಮುಖ್ಯಸ್ಥರಾದ ಮನೋಹರ ಸರ್ ಹೇಳಿದ್ದರು. ಅವರು ಒಳ್ಳೆಯ ಮಾತಿನ ಮನುಷ್ಯ. ಕಾಡು ನೋಡಬೇಕೆಂದರೆ ಚಿಂಚೋಳಿಗೆ ಹೋಗಬೇಕಮ್ಮ, ಇದು ಮರುಭೂಮಿ, ನಿನಗೆ ಹದಿನೈದು ದಿನದ ಕೆಲಸ ಇದ್ದರೆ ಹೆಚ್ಚು ಎಂದು ನಕ್ಕಿದ್ದರು.

ಸೇಡಂನಿಂದ ಮುಂಜಾನೆಯ ಬಸ್ಸು ಹಿಡಿದು ದಂಡೋತಿಗೆ, ಅಲ್ಲಿಂದ ಟಂಟಂ ರಿಕ್ಷಾದಲ್ಲಿ ಹತ್ತು ಜನರ ನಡುವೆ ಒತ್ತಿಕೊಂಡು ಗುಡ್ಡದ ಬುಡದ ಊರಿಗೆ. ಗುಡ್ಡದ ದಾರಿ ಗೊತ್ತಿರುವವರು ಯಾರಾದರೂ ಬೇಕೆಂದು ಕೇಳಿದಾಗ ಚಹಾದಂಗಡಿಯವನು ಶಾಂತಾಬಾಯಿಯ ಮನೆ ತೋರಿಸಿದ. ಊರ ತುದಿಯ ಕೇರಿಯಲ್ಲಿ, ಬುದ್ಧವಿಹಾರದ ಹಿಂದೆ ಒಂದೇ ಕೋಣೆಯ ಮನೆ, ಅಂಗಳದಲ್ಲಿ ಹನ್ನೊಂದು ಆಡು. ಆಕೆಗೆ ನಲವತ್ತೈದು ದಾಟಿತ್ತು. ತೆಳ್ಳಗೆ, ಎತ್ತರ, ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿದ್ದಳು. ಗಂಡ ಕಲ್ಲಿನ ಖಣಿಯಲ್ಲಿ ದುಡಿದು, ಧೂಳಿಗೆ ಎದೆ ಕೆಟ್ಟು ತೀರಿಕೊಂಡಿದ್ದ. ಮಗಳನ್ನು ಕಾಳಗಿಗೆ ಕೊಟ್ಟಿದ್ದಳು.

“ಹೂವಿನ ಹೆಸರು ಬರೀಲಿಕ್ಕೆ ಬಂದೀಯೇನು ತಂಗಿ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಸರಕಾರದವರಿಗೆ ಹೂ ಯಾಕ ಬೇಕಾದ್ವು?”

“ಗುಡ್ಡದಾಗ ಏನೇನ್ ಅದ ಅಂತ ಬರದು ಕೊಡಬೇಕ್ರಿ.”

“ಬರದ್ರ ಏನಾತದ?”

ಆಗ ನಾನು ನನಗೆ ಖರೆ ಅನ್ನಿಸಿದ್ದನ್ನೇ ಹೇಳಿದೆ. ಅಪರೂಪದ ಗಿಡವೋ ಬಳ್ಳಿಯೋ ಅಲ್ಲಿದ್ದರೆ ಅಗೆಯಲು ಬಿಡಬೇಕೋ ಬೇಡವೋ ಎಂದು ಮೇಲಿನವರು ವಿಚಾರ ಮಾಡುತ್ತಾರೆ, ಅದಕ್ಕೇ ಈ ಪಟ್ಟಿ ಎಂದೆ. ಆಕೆ ಕೋಲು ಎತ್ತಿಕೊಂಡಳು. “ನಡಿ ಹಂಗಾದ್ರ. ಆಡಂತೂ ಹೊಡಕೊಂಡು ಹೋಗಬೇಕು” ಎಂದಳು. ಆ ಗುಡ್ಡ ಅವರಿಗೆಲ್ಲ ಗಾಯರಾಣ, ಎಂಟು ಹತ್ತು ಮನೆಗಳ ಆಡು ಮೇಯುವ ಜಾಗ.

ನಾವು ಗುಡ್ಡದ ಅರ್ಧ ಏರಿದ್ದಾಗ ಮೊದಲ ಮಳೆ ಹಿಡಿಯಿತು. ನಿಲ್ಲಲು ಮರವಿಲ್ಲ. ಕಲ್ಲಿನ ಹಾಸಿನಿಂದ ಹಬೆ ಎದ್ದಿತು. ಶಾಂತಾಬಾಯಿ ಸೆರಗನ್ನು ತಲೆಗೆ ಸುತ್ತಿಕೊಂಡು ಅಲ್ಲೇ ಕುಳಿತಳು. ನಾನು ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಹೊಟ್ಟೆಗೆ ಒತ್ತಿ ಹಿಡಿದೆ. ಸುತ್ತ ನೋಡಿದರೆ ಒಣ ಕಡ್ಡಿ, ಬಿಳಿ ಕಲ್ಲು, ಒಂದಿಷ್ಟು ತಂಗಡಿ ಗಿಡ. ಮನೋಹರ ಸರ್ ಹೇಳಿದ್ದು ಸುಳ್ಳಲ್ಲ ಅನ್ನಿಸಿತು.

ಹತ್ತು ದಿನ ಕಳೆದ ಮೇಲೆ ಹಾಗನ್ನಿಸಲಿಲ್ಲ. ಕಲ್ಲಿನ ಸಂದಿನಿಂದ, ಬೆರಳು ಹೋಗದಷ್ಟು ಸೀಳುಗಳಿಂದ ಹಸಿರು ಹೊರಬಂತು. ಆಮೇಲೆ ಹೂ. ವಿಷ್ಣುಕ್ರಾಂತಿಯ ನೀಲಿ ಚುಕ್ಕೆಗಳು ಕಲ್ಲಿಗೆ ಅಂಟಿದಂತೆ ಕಾಣುತ್ತಿದ್ದವು. ಮಂಡಿಯೂರಿ ನೋಡಿದರೆ ಮಾತ್ರ ಅದು ಹೂ. ನೆಗ್ಗಿಲ ಮುಳ್ಳಿನ ಹಳದಿ, ತುಂಬಿ ಗಿಡದ ಬಿಳಿ. ತುಂಬಿಯ ದಂಟು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ತಾಗುತ್ತವೆ. ಎಲೆ ಎದುರುಬದುರು ಇವೆಯೋ ಒಂದೊಂದಾಗಿ ಇವೆಯೋ, ಮುರಿದರೆ ಹಾಲು ಬರುತ್ತದೆಯೋ ಇಲ್ಲವೋ, ಹಿಚುಕಿದರೆ ಏನು ವಾಸನೆ, ಕೇಸರಗಳು ಎಷ್ಟು – ನಾನು ಕಲಿತದ್ದು ಹೀಗೆ. ಕೈಮಸೂರ ಹಿಡಿದು ಒಂದೊಂದು ಗಿಡದ ಮುಂದೆ ಕಾಲು ಗಂಟೆ ಕೂರುತ್ತಿದ್ದೆ.

ಶಾಂತಾಬಾಯಿಯ ದಾರಿಯೇ ಬೇರೆ. ಯಾವುದನ್ನು ಆಡು ಮಳೆಗಾಲದಲ್ಲಿ ಮುಟ್ಟುವುದಿಲ್ಲ, ಚಳಿಗಾಲದಲ್ಲಿ ಹುಡುಕಿ ತಿನ್ನುತ್ತದೆ; ಯಾವುದರ ಎಲೆ ಮಧ್ಯಾಹ್ನ ಮಡಚುತ್ತದೆ; ಯಾವುದನ್ನು ಬಾಣಂತಿಗೆ ಕೊಡಬಾರದು. ಒಂದು ದಿನ ಎಳೆಯ ಸಸಿಯೊಂದನ್ನು ನೋಡಿ ನಾನು ಇದು ನೆಲನೆಲ್ಲಿ ಎಂದು ಬರೆದುಕೊಂಡು ಗಟ್ಟಿಯಾಗಿ ಓದಿದೆ. ಆಕೆ ತಲೆಯಾಡಿಸಿದಳು.

“ಅಲ್ಲ ತಂಗಿ. ಹಂಗ ಕಾಣ್ತದ, ಖರೇ. ಇದು ಬ್ಯಾರೆ.”

“ಎಲಿ ಅದೇ ಥರ ಅದ ನೋಡಕ್ಕ.”

“ಎಲಿ ಎಲ್ಲಾರವೂ ಒಂದೇ ಇರ್ತಾವ. ಎಂಟ್ ದಿನ ತಡಿ. ಹೂ ಬಿಡ್ಲಿ, ತಾನೇ ಹೆಸರು ಹೇಳ್ತದ.”

ಎಂಟು ದಿನಕ್ಕೆ ಹೂ ಬಂತು. ನಾನು ಬರೆದದ್ದನ್ನು ಹೊಡೆದುಹಾಕಿದೆ. ಅಂದಿನಿಂದ ಹೂ ನೋಡದೆ ಒಂದು ಹೆಸರನ್ನೂ ಖಚಿತ ಎಂದು ಬರೆಯಲಿಲ್ಲ. ಈಗ ತರಗತಿಯಲ್ಲಿ ನನಗೆ ಹುಡುಗರು ಕೊಟ್ಟ ಹೆಸರು ‘ಹೂ ಬಿಡ್ಲಿ ಮೇಡಂ’.

ಸಂಜೆ ಇಳಿಯುವ ಮೊದಲು ಆಕೆ, “ಇವತ್ತಿಂದು ಓದು” ಎನ್ನುತ್ತಿದ್ದಳು. ನಾನು ಆ ದಿನದ ಹೆಸರುಗಳನ್ನು ಓದುತ್ತಿದ್ದೆ, ಮೊದಲು ಆಕೆ ಹೇಳಿದ್ದು, ಆಮೇಲೆ ಪುಸ್ತಕದ್ದು. ಪುಸ್ತಕದ ಹೆಸರುಗಳಿಗೆ ನಗುತ್ತಿದ್ದಳು. ತನ್ನವು ಬಂದಾಗ ಸುಮ್ಮನೆ ಕೇಳುತ್ತಿದ್ದಳು. “ಇವೆಲ್ಲಾ ನಮ್ಮವ್ವ ಹೇಳಿದ್ದು. ಆಕೀ ಕಡಿಂದ ಯಾರೂ ಬರಕೊಂಡಿದ್ದಿಲ್ಲ” ಎಂದು ಒಮ್ಮೆ ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಮೊದಮೊದಲು ನಾನು ಮನೆಯಿಂದ ಒಯ್ದ ಬುತ್ತಿಯನ್ನು ಸ್ವಲ್ಪ ದೂರ ಕುಳಿತು ಉಣ್ಣುತ್ತಿದ್ದೆ, ನೀರು ನನ್ನ ಬಾಟಲಿಯದೇ ಕುಡಿಯುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ಮನೆಯಲ್ಲಿ ನೋಡಿ ಬಂದದ್ದು. ಆಕೆಗೆ ಅದು ತಿಳಿಯುತ್ತಿತ್ತು. ಜುಲೈ ಕೊನೆಗೆ ಒಂದು ಮಧ್ಯಾಹ್ನ ನನ್ನ ನೀರು ಮುಗಿದು ತಲೆ ಸುತ್ತಿ ಕುಸಿದೆ. ಕಣ್ಣು ತೆರೆದಾಗ ಆಕೆಯ ತಂಬಿಗೆ ನನ್ನ ಬಾಯಲ್ಲಿತ್ತು. ಆಮೇಲೆ ಒಣಗಿದ ಕಟಿ ರೊಟ್ಟಿ ಮುರಿದು, ಗುಡ್ಡದಲ್ಲೇ ಕಿತ್ತ ಹತ್ತರಕಿ ಎಲೆಯನ್ನು ಖಾರಪುಡಿಯೊಂದಿಗೆ ಇಟ್ಟು ಕೊಟ್ಟಳು. ಮರುದಿನದಿಂದ ನಾವು ಒಂದೇ ಬುತ್ತಿಗಂಟು ಬಿಚ್ಚಿ ಉಂಡೆವು. ಇದನ್ನು ನಾನು ನನ್ನ ದೊಡ್ಡಸ್ತಿಕೆ ಎಂದು ಬರೆಯುತ್ತಿಲ್ಲ. ಅದಕ್ಕೆ ಎರಡು ತಿಂಗಳು ಬೇಕಾದವಲ್ಲ ಎಂದು ಬರೆಯುತ್ತಿದ್ದೇನೆ.

ಆಗಸ್ಟ್ ತಿಂಗಳಲ್ಲಿ ಆ ಬಳ್ಳಿ ಸಿಕ್ಕಿತು. ಗುಡ್ಡದ ಪಡುವಣ ಇಳಿಜಾರಿನಲ್ಲಿ ಕವಳಿ ಪೊದೆಯ ಮುಳ್ಳಿನೊಳಗೆ ಶಾಂತಾಬಾಯಿ ಕೈ ಹಾಕಿ ಒಂದು ಸಣ್ಣ ಕುಡಿಯನ್ನು ಹೊರಗೆ ಎಳೆದಳು. ಹೂ ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಬುಡದಲ್ಲಿ ಉಬ್ಬಿದ ಹೂಜಿ, ಮೇಲೆ ಕಿರಿದಾದ ಕೊಳವೆ, ಅದರ ತುದಿಯಲ್ಲಿ ಐದು ಕಡು ನೇರಳೆ ಎಸಳುಗಳು ಒಂದಕ್ಕೊಂದು ತುದಿ ಕೂಡಿಸಿಕೊಂಡು ಪಂಜರದಂತೆ ನಿಂತಿದ್ದವು.

“ನಮ್ಮವ್ವ ಕಂದೀಲ ಬಳ್ಳಿ ಅಂತಿದ್ಲು. ಕೆಳಗ ಗಡ್ಡಿ ಇರ್ತದ, ರೊಟ್ಟಿ ಆಕಾರ. ಸಣ್ಣವರಿದ್ದಾಗ ಅಗದು ತಿಂತಿದ್ವಿ. ಈಗ ಎಲ್ಲಿ ಉಳದಾವ. ಇಡೀ ಗುಡ್ಡದಾಗ ಇಲ್ಲಷ್ಟೇ ಕಾಣ್ತಾವ.”

ನಾನು ಮುಳ್ಳಿನ ನಡುವೆ ಹೊಟ್ಟೆಯ ಮೇಲೆ ಮಲಗಿ ಕೈಮಸೂರದಿಂದ ನೋಡಿದೆ. ಒಂದು ಸಣ್ಣ ನೊಣ ಕೊಳವೆಯೊಳಗೆ ಇಳಿದಿತ್ತು. ಒಳಗಿನ ರೋಮಗಳೆಲ್ಲ ಕೆಳಮುಖ. ಹೋದದ್ದು ತಿರುಗಿ ಬರುವಂತಿಲ್ಲ. ಹೂ ಬಾಡಿ ರೋಮ ಸಡಿಲವಾದ ಮೇಲೆ ನೊಣ ಪರಾಗ ಹೊತ್ತು ಹೊರಬರುತ್ತದೆ ಎಂದು ಓದಿದ್ದೆ. ಆ ಕುಲದ ಗಿಡವನ್ನು ಚಿತ್ರದಲ್ಲಷ್ಟೇ ಕಂಡಿದ್ದೆ. ಹತ್ತು ದಿನ ಅದರ ಬಳಿಗೇ ಹೋಗಿ ಅಳತೆ ತೆಗೆದೆ, ನೂರಾರು ಫೋಟೋ ತೆಗೆದೆ, ನನಗೆ ಪಾಠ ಹೇಳಿದ ಗುರುಗಳಿಗೆ ಕಳಿಸಿದೆ. ಸಂಶಯವಿಲ್ಲ, ಈ ಸೀಮೆಯಲ್ಲಿ ಇದು ಬಹಳ ಅಪರೂಪ ಎಂದು ಅವರು ತಿರುಗಿ ಬರೆದರು. ಅದನ್ನು ಶಾಂತಾಬಾಯಿಗೆ ಓದಿ ಹೇಳಿದಾಗ ಆಕೆ ಕೇಳಿದ್ದು ಒಂದೇ.

“ಹಂಗಾದ್ರ ಗುಡ್ಡ ಉಳೀತದೇನು?”

“ಉಳೀಬಹುದಕ್ಕ” ಎಂದೆ.

ಸೀತಾಫಲ ಹಣ್ಣಾಗುವ ಹೊತ್ತಿಗೆ ನನ್ನ ಪಟ್ಟಿ ನೂರು ದಾಟಿತ್ತು. ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿದ ಮಾದರಿಗಳ ಎರಡು ಕಟ್ಟು, ನೋಟ್‌ಬುಕ್ಕು, ಫೋಟೋಗಳು ಎಲ್ಲ ಹೊತ್ತುಕೊಂಡು ದೀಪಾವಳಿಯ ಮೊದಲು ಕಲಬುರಗಿಗೆ ಹೋದೆ. ಮನೋಹರ ಸರ್ ಒಂದೊಂದು ಹಾಳೆ ತಿರುಗಿಸಿ ನೋಡಿದರು. ಇಷ್ಟು ಚೆಂದ ಕೆಲಸ ಈ ಕಚೇರಿಯಲ್ಲಿ ಯಾರೂ ಮಾಡಿಲ್ಲ ಎಂದರು. ಕಂದೀಲ ಬಳ್ಳಿಯ ಹಾಳೆಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಾಲ್ಕೈದು ತಿಂಗಳು ಸುದ್ದಿ ಇರಲಿಲ್ಲ, ಸಂಬಳ ಮಾತ್ರ ಬರುತ್ತಿತ್ತು.

ಹೋಳಿ ಹುಣ್ಣಿಮೆ ಕಳೆದ ಮೇಲೆ ಕರೆಸಿದರು. ಕುರ್ಚಿ ತೋರಿಸಿ, ಚಹಾ ತರಿಸಿದರು.

“ನೋಡಮ್ಮ, ನಿನ್ನ ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ವರದಿಗೆ ಒಂದೇ ಋತುವಿನ ಸಮೀಕ್ಷೆ ಸಾಕು. ಬೇಸಿಗೆಯದನ್ನು ಕೊಡೋಣ ಅಂತ ಮಾಡಿದ್ದೇವೆ. ಮೇ ತಿಂಗಳಲ್ಲಿ ಮೂರು ದಿನ ಹೋಗಿ ಬಾ. ಕಣ್ಣಿಗೆ ಕಂಡದ್ದು, ಎಲೆ ಇದ್ದು ಗುರುತು ಹತ್ತಿದ್ದು, ಅಷ್ಟೇ ಬರಿ. ಒಂದು ಅಕ್ಷರವೂ ಸುಳ್ಳು ಬರೆಯಬೇಡ.”

“ಮತ್ತ ಮೊದಲಿನದು ಸರ್?”

“ಅದು ಇರುತ್ತದೆ. ನಮ್ಮ ಕಪಾಟಿನಲ್ಲಿ.” ಸ್ವಲ್ಪ ತಡೆದು, “ಜುಲೈಯಿಂದ ನಿನ್ನನ್ನು ಕಾಯಂ ಮಾಡುವ ಕಾಗದ ತಯಾರಾಗ್ತಾ ಇದೆ” ಎಂದರು.

ಅವರು ಹೆದರಿಸಲಿಲ್ಲ. ಹೆದರಿಸಿದ್ದರೆ ಬಹುಶಃ ನಾನು ಏಳುತ್ತಿದ್ದೆ. ಸುಳ್ಳು ಬರೆ ಎಂದಿದ್ದರೂ ಏಳುತ್ತಿದ್ದೆನೇನೋ. ಅವರು ಕೇಳಿದ್ದು ಖರೆಯದನ್ನೇ. ಬಸ್ಸಿನಲ್ಲಿ ಸೇಡಂಗೆ ಬರುತ್ತ ಮಳಖೇಡ ದಾಟುವವರೆಗೆ ನಾನು ಅದನ್ನೇ ತಿರುವಿ ಮುರುವಿ ಹಾಕಿದೆ. ಇದರಲ್ಲಿ ನನ್ನ ತಪ್ಪೇನು, ನಾನು ಬರೆಯುವುದು ಕಣ್ಣಿಗೆ ಕಂಡದ್ದು. ಮನೆ ಮುಟ್ಟುವುದರೊಳಗೆ ಒಪ್ಪಿಕೊಂಡಾಗಿತ್ತು. ಅಪ್ಪ ಊಟಕ್ಕೆ ಕುಳಿತಾಗ ಕಾಯಂ ಆಗುವ ಸುದ್ದಿ ಹೇಳಿದೆ. ಅವರು ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಮೇ ತಿಂಗಳ ಬೋಳಗುಡ್ಡಕ್ಕೆ ನಾನು ಹೋಗುವುದು ಶಾಂತಾಬಾಯಿಗೆ ತಿಳಿಯಬಾರದು ಎಂದುಕೊಂಡಿದ್ದೆ. ಸಣ್ಣ ಊರು, ಟಂಟಂ ಇಳಿಯುವುದರೊಳಗೆ ತಿಳಿಯಿತು. “ಇಂಥಾ ಬಿಸಲಾಗ ಯಾಕ ಬಂದಿ ತಂಗಿ? ಮಾರಿ ಎಲ್ಲಾ ಕರ್ರಗಾಗ್ಯಾದ” ಎಂದು ಮಜ್ಜಿಗೆ ಕೊಟ್ಟಳು. ಇನ್ನೊಮ್ಮೆ ನೋಡಿ ಬರಲು ಹೇಳಿದ್ದಾರೆ ಎಂದೆ. ಆಕೆ ತಲೆಗೆ ಅರಿವೆ ಸುತ್ತಿ ಬಂದೇಬಿಟ್ಟಳು.

ಆ ಮೂರು ದಿನ ನೆನಪಿನಿಂದ ಹೋಗುವುದಿಲ್ಲ. ಕಲ್ಲು ಕಾದು ಚಪ್ಪಲಿಯೊಳಗೂ ಸುಡುತ್ತಿತ್ತು. ಗುಡ್ಡ ಬೋಳು. ಜಾಲಿ, ಎಕ್ಕಿ, ತಂಗಡಿ, ಪಾಪಾಸಕಳ್ಳಿ. ನಾನು ಅವನ್ನು ಬರೆದುಕೊಂಡೆ. ಶಾಂತಾಬಾಯಿ ಮಾತ್ರ ನಡೆಯುತ್ತ ಒಣ ಕಡ್ಡಿಗಳನ್ನು ಕೋಲಿನ ತುದಿಯಿಂದ ಮುಟ್ಟಿ ಹೆಸರು ಹೇಳುತ್ತಲೇ ಇದ್ದಳು. “ಇದು ತುಂಬಿ. ಗುಂಡು ಗುಂಡು ಗಂಟು ಉಳದಾವ ನೋಡು. ಇದು ಉತ್ತರಾಣಿ, ಸೀರಿಗೆ ಹತ್ಯಾದ.” ಬೀಜದ ಸಿಪ್ಪೆಯಿಂದ, ಮುರಿದ ದಂಟಿನ ಬಣ್ಣದಿಂದ, ಬರೀ ಜಾಗದಿಂದ ಆಕೆ ಸತ್ತ ಗಿಡಗಳನ್ನು ಗುರುತಿಸುತ್ತಿದ್ದಳು. ನನ್ನ ಗುರುಗಳಿಗೂ ಅದು ಆಗುತ್ತಿರಲಿಲ್ಲ. ನಾನು ಹೂಂ ಎನ್ನುತ್ತಿದ್ದೆ. ಪೆನ್ನು ತೆರೆಯಲಿಲ್ಲ.

ಮೂರನೆಯ ದಿನ ಪಡುವಣ ಇಳಿಜಾರಿಗೆ ಬಂದೆವು. ಕವಳಿ ಪೊದೆಯಲ್ಲಿ ಎಲೆ ಅರ್ಧ ಉದುರಿತ್ತು. ಬಳ್ಳಿಯ ಗುರುತೇ ಇಲ್ಲ. ಶಾಂತಾಬಾಯಿ ಕುಕ್ಕರಗಾಲಲ್ಲಿ ಕುಳಿತು ಕಲ್ಲು ಸರಿಸಿದಳು.

“ಇಲ್ಲೇ ಅದ. ಮ್ಯಾಲ ಒಣಗ್ಯಾದ, ಕೆಳಗ ಗಡ್ಡಿ ಜೀವಂತ ಇರ್ತದ. ಅಗದು ತೋರಿಸ್ಲೇನು? ನೋಡಿ ಬರಕೋ, ಮತ್ತ ಮುಚ್ಚಿಡ್ತೀನಿ.”

ಆಕೆಯ ಕೈಯಲ್ಲಿ ಕುಡುಗೋಲಿತ್ತು. ಅಗೆದರೆ ಅದು ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನು ಬರೆಯಬೇಕಾಗುತ್ತದೆ.

“ಬ್ಯಾಡಕ್ಕ” ಎಂದೆ. “ಸುಮ್ನ ಯಾಕ ಕೆಡಿಸೋದು.”

ಆಕೆ ತಲೆ ಎತ್ತಿ ನನ್ನನ್ನು ನೋಡಿದಳು. ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು, ಅದಕ್ಕೇ ಹಾಗೆ ಕಣ್ಣು ಕಿರಿದು ಮಾಡಿದ್ದಾಳೆ ಎಂದುಕೊಂಡೆ. ಆಕೆ ಕಲ್ಲನ್ನು ತಿರುಗಿ ಮೊದಲಿನ ಜಾಗಕ್ಕೆ ಇಟ್ಟು, ಮಂಡಿ ಹಿಡಿದು ಎದ್ದಳು. ಇಳಿಯುವಾಗ ‘ಇವತ್ತಿಂದು ಓದು’ ಎನ್ನಲಿಲ್ಲ.

ಎರಡನೆಯ ಪಟ್ಟಿ ಇಪ್ಪತ್ತೂ ತುಂಬಲಿಲ್ಲ. ವರದಿಯಲ್ಲಿ ಅದು ಅರ್ಧ ಪುಟ. ಕೆಳಗೆ ಸಮೀಕ್ಷೆ ಮಾಡಿದವರು ಎಂದು ನನ್ನ ಹೆಸರು, ಸಹಿ.

ಮುಂದಿನ ಚಳಿಗಾಲದಲ್ಲಿ ಊರ ಶಾಲೆಯ ಮುಂದೆ ಶಾಮಿಯಾನ ಹಾಕಿ ಅಹವಾಲು ಸಭೆ ಕರೆದರು. ಊರವರು ತಮ್ಮ ತಕರಾರು ಹೇಳಬಹುದು, ಅಧಿಕಾರಿಗಳು ಬರೆದುಕೊಳ್ಳುತ್ತಾರೆ. ಕಚೇರಿಯಿಂದ ಮನೋಹರ ಸರ್ ಜೊತೆ ನಾನೂ ಹೋಗಬೇಕಾಯಿತು. ಕೆಲವರು ಕೆಲಸ ಸಿಗುತ್ತದೆ, ಆಗಲಿ ಎಂದರು. ಕೆಲವರು ಧೂಳಿನ ಮಾತು ಎತ್ತಿದರು. ವರದಿ ಓದಿದವರು, ಗುಡ್ಡದಲ್ಲಿ ಕಳ್ಳಿ ಜಾಲಿಯಂಥ ಸಾಮಾನ್ಯ ಗಿಡಗಳ ಹೊರತು ಏನೂ ಇಲ್ಲ ಎಂದು ಹೇಳಿ ಹಾಳೆ ತಿರುಗಿಸಿದರು. ಆಗ ಹೆಂಗಸರ ಕಡೆಯಿಂದ ಶಾಂತಾಬಾಯಿ ಎದ್ದಳು. ತೊಳೆದ ಬಿಳಿ ಸೀರೆ ಉಟ್ಟಿದ್ದಳು.

“ಸಾಹೇಬ್ರ, ಅದು ಬರೋಬ್ಬರಿ ಇಲ್ರಿ. ಮಳಿಗಾಲದಾಗ ನಾಕ್ ತಿಂಗಳು ಆ ತಂಗಿ ನನ್ನ ಕೂಡ ಗುಡ್ಡ ತಿರಗ್ಯಾಳ. ಎಲ್ಲಾ ಹೂವಿನ ಹೆಸರು ಬರಕೊಂಡಾಳ. ಕಂದೀಲ ಬಳ್ಳಿ ಭಾಳ ಅಪರೂಪದ್ದು ಅಂತ ಆಕೀನೇ ನನಗ ಓದಿ ಹೇಳ್ಯಾಳ. ಅಲ್ಲೇ ಕುಂತಾಳ ನೋಡ್ರಿ. ಆಕೀಗೆ ಕೇಳ್ರಿ.”

ಎಲ್ಲರೂ ತಿರುಗಿದರು. ಅಧಿಕಾರಿ ಸಭ್ಯರು. ಹೇಳಿ ಮೇಡಂ, ಬೇರೆ ಪಟ್ಟಿ ಇದೆಯೇ ಎಂದು ಕೇಳಿದರು. ನಾನು ಎದ್ದು ನಿಂತೆ. ಮನೋಹರ ಸರ್ ನನ್ನ ಕಡೆ ನೋಡಲಿಲ್ಲ, ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು.

“ವರದಿಯಲ್ಲಿರುವ ಪಟ್ಟಿ ನಾನೇ ಮಾಡಿದ್ದು ಸರ್. ಸ್ಥಳದಲ್ಲಿ ನೋಡಿಯೇ ಮಾಡಿದ್ದು” ಎಂದೆ.

ಬರೆದುಕೊಂಡರು. ಶಾಂತಾಬಾಯಿ ಇನ್ನೂ ನಿಂತೇ ಇದ್ದಳು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೀರೆ ಹಿಡಿದು ಎಳೆದ ಮೇಲೆ ಕುಳಿತಳು. ಹಿಂದಿನ ಸಾಲಿನಿಂದ ಯಾರೋ, “ಹೂ ಅಂತ, ಬಳ್ಳಿ ಅಂತ” ಎಂದು ನಕ್ಕರು. ಮುಂದಿನ ಮನುಷ್ಯ ಕುಡಿಯುವ ನೀರಿನ ಮಾತು ಎತ್ತಿದ.

ಒಂದು ಬಳ್ಳಿಯಿಂದ ಗುಡ್ಡ ಉಳಿಯುತ್ತಿತ್ತೇ, ನನಗೆ ಗೊತ್ತಿಲ್ಲ. ಪಡುವಣ ಇಳಿಜಾರನ್ನಾದರೂ ಬಿಡುತ್ತಿದ್ದರೋ ಏನೋ. ಬಿಡದೆಯೂ ಇರಬಹುದಿತ್ತು. ಏನೂ ಆಗುತ್ತಿರಲಿಲ್ಲ ಎಂದು ನಂಬಲು ನಾನು ಬಹಳ ಸಲ ಪ್ರಯತ್ನಿಸಿದ್ದೇನೆ. ಆದರೆ ಆಕೆ ಕೇಳಿದ್ದು ಗುಡ್ಡ ಉಳಿಸು ಎಂದಲ್ಲ. ತಾನು ಸುಳ್ಳು ಹೇಳುತ್ತಿಲ್ಲ ಎಂದು ಹೇಳು ಎಂದಷ್ಟೇ ಕೇಳಿದ್ದಳು.

ಆ ಕಚೇರಿಯಲ್ಲಿ ನಾನು ಎರಡು ವರ್ಷವೂ ಇರಲಿಲ್ಲ. ಬಿಟ್ಟದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಚಿತ್ತಾಪುರದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಅವರು ಮೆಚ್ಚಿಕೊಂಡದ್ದು ಮನೋಹರ ಸರ್ ಕೊಟ್ಟ ಅನುಭವದ ಪತ್ರವನ್ನು. ಗಿಡ ಗುರುತಿಸುವುದರಲ್ಲಿ ಅತ್ಯಂತ ನಿಷ್ಠೆಯುಳ್ಳವರು ಎಂದು ಅದರಲ್ಲಿತ್ತು. ಮೊದಲ ಪಟ್ಟಿಯ ನಕಲು ಇಂದಿಗೂ ನನ್ನ ಬಳಿ ಇದೆ. ಯಾರಿಗೂ ಕೊಟ್ಟಿಲ್ಲ. ಕೊಡಲು ಈಗ ಜಾಗವಿಲ್ಲ. ಬೋಳಗುಡ್ಡವಿದ್ದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕುಣಿ ಇದೆ, ತಳದಲ್ಲಿ ಹಸಿರು ನೀರು ನಿಂತಿದೆ. ಅದನ್ನು ರಸ್ತೆಯಿಂದ ಒಮ್ಮೆ ನೋಡಿದ್ದೇನೆ, ಬಸ್ಸು ನಿಲ್ಲಲಿಲ್ಲ.

ಹೋದ ವರ್ಷ ವಾಡಿ ಜಂಕ್ಷನ್ನಿನಲ್ಲಿ ಶಾಂತಾಬಾಯಿ ಸಿಕ್ಕಳು. ಮಧ್ಯಾಹ್ನದ ಹೊತ್ತು, ಗಾಡಿ ತಡವಾಗಿತ್ತು. ಪ್ಲಾಟ್‌ಫಾರಂ ತುದಿಯ ನೀರಿನ ನಳದ ಬಳಿ ಇನ್ನಿಬ್ಬರು ಹೆಂಗಸರೊಂದಿಗೆ ಕುಳಿತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದು ಕಲ್ಲಿನ ಹುಡಿಯೆಂದು ಹತ್ತಿರ ಹೋದ ಮೇಲೆ ತಿಳಿಯಿತು. ನಾನು ಹಿಂದೆ ಸರಿಯಬಹುದಿತ್ತು, ಆಕೆ ನೋಡಿರಲಿಲ್ಲ. ಏಕೋ ಕಾಲು ಅತ್ತಲೇ ನಡೆದವು.

“ಆರಾಮಿದ್ದೀಯೇನು?” ಎಂದು ಆಕೆಯೇ ಕೇಳಿದಳು, ಸ್ವಲ್ಪ ಸರಿದು ಜಾಗ ಮಾಡಿ. ಆಡುಗಳನ್ನು ಮಾರಿದ್ದಳು, ಮೇಯಿಸಲು ಜಾಗವಿಲ್ಲ. ಶಹಾಬಾದದಲ್ಲಿ ಪರಸಿ ತಿಕ್ಕುವ ಕಡೆ ಕೂಲಿಗೆ ಹೋಗುತ್ತಿದ್ದಳು. ಮಾತಿನ ನಡುವೆ ಎರಡು ಸಲ ಕೆಮ್ಮಿದಳು. ಡಾಕ್ಟರಿಗೆ ತೋರಿಸಿದೆಯಾ ಎಂದರೆ, “ತೋರಿಸೀನಿ” ಎಂದು ಬೇರೆ ಮಾತಿಗೆ ಹೋದಳು.

ನಾನು ಹೇಳಬೇಕೆಂದು ವರ್ಷಗಟ್ಟಲೆ ಜೋಡಿಸಿಟ್ಟಿದ್ದ ಮಾತುಗಳೆಲ್ಲ ಅಸ್ತವ್ಯಸ್ತವಾಗಿ ಹೊರಬಂದವು. ಬೇಸಿಗೆಯಲ್ಲಿ ಯಾಕೆ ಬಂದೆ, ಯಾರು ಕಳಿಸಿದರು, ಮನೆಯಲ್ಲಿ ನನ್ನ ಮದುವೆಯ ಮಾತು, ಕಾಯಂ ನೌಕರಿ. ಆಕೆ ರೈಲು ಹಳಿಯ ಕಡೆ ನೋಡುತ್ತ ಕೇಳಿದಳು. ಮುಗಿದ ಮೇಲೆ, “ಗೊತ್ತಿತ್ತು” ಎಂದಳು.

“ಏನ್ ಗೊತ್ತಿತ್ತು?”

“ಗಡ್ಡಿ ಅಗದು ತೋರಿಸ್ತೀನಿ ಅಂದಾಗ ನೀ ಬ್ಯಾಡ ಅಂದಿ. ನಾಕ್ ತಿಂಗಳು ಒಂದ್ ಎಲಿ ಬಿಡದ ನೋಡಿದಾಕಿ. ಆವಾಗೇ ತಿಳೀತು.”

“ತಿಳಿದಿದ್ರ, ಅವತ್ತು ಅಷ್ಟು ಮಂದಿ ಮುಂದ ನನ್ನನ್ನ ಕೇಳ್ರಿ ಅಂತ ಯಾಕ ಅಂದಿ ಅಕ್ಕ? ನಿನ್ನನ್ನೇ ನೋಡಿ ನಕ್ರಲ್ಲ.”

“ನಿನಗೂ ಹೇಳಬೇಕಂತ ಹೊಟ್ಯಾಗ ಇದ್ದೀತು, ನೀನಾಗೇ ಎದ್ದು ಹೇಳಲಿಕ್ಕ ಆಗಿರ್ಲಿಕ್ಕಿಲ್ಲ, ಯಾರರೆ ಕೇಳಿದ್ರ ಹೇಳ್ತೀಯೇನೋ ಅಂತ” ಎಂದಳು. “ಅದಕ್ಕ ಕೇಳಿಸಿದೆ.”

ಸೊಲ್ಲಾಪುರದ ಕಡೆಯ ಗಾಡಿ ಬಂತು. ಜೊತೆಯ ಹೆಂಗಸರು ಗಂಟು ಎತ್ತಿಕೊಂಡರು. ನಾನು ಆಕೆಯ ಚೀಲ ಎತ್ತಿಕೊಡಲು ಬಾಗಿದೆ. ಬೇಡ ಎನ್ನಲಿಲ್ಲ, ನನ್ನ ಕೈ ಮುಟ್ಟುವ ಮೊದಲೇ ತಾನು ಎತ್ತಿಕೊಂಡು, ಎಡಗಾಲನ್ನು ಎಳೆಯುತ್ತ ಡಬ್ಬಿಯ ಬಾಗಿಲಿಗೆ ಹೋದಳು. ಒಳಗೆ ನೂಕುನುಗ್ಗಲು. ಕಿಟಕಿಗಳಲ್ಲಿ ಆಕೆಯ ಮುಖ ಹುಡುಕುತ್ತ ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆದೆ. ಕಾಣಲಿಲ್ಲ.